ಕೇಸ್ ಶೀಟು ಗಂಡನ ಸ್ವತ್ತಲ್ಲ



ಆಸ್ಪತ್ರೆಯ ಮಂಚಕ್ಕೆ ತೂಗುಹಾಕಿದ ಕೇಸ್ ಶೀಟನ್ನು ಗಂಡ ಓದುತ್ತಾನೆ, ಮೈದುನ ಓದುತ್ತಾನೆ, ಪಕ್ಕದ ಮಂಚದವರ ನೆಂಟರೂ ತಿರುವಿಹಾಕುತ್ತಾರೆ. ಅದರಲ್ಲಿ ಏನು ಬರೆದಿದೆಯೆಂದು ಆ ಮಂಚದ ಮೇಲೆ ಮಲಗಿದವಳಿಗೆ ಮಾತ್ರ ಯಾರೂ ಹೇಳುವುದಿಲ್ಲ. ಇದೆಂಥ ನ್ಯಾಯ?

ಇದು ಬರೀ ಮರ್ಯಾದೆಯ ಪ್ರಶ್ನೆಯಲ್ಲ, ಜೀವದ ಪ್ರಶ್ನೆ. ಸುಟ್ಟಗಾಯದಿಂದ ನರಳುವ ಹೆಣ್ಣು "ಗಂಡ ಸೀಮೆಎಣ್ಣೆ ಸುರಿದ" ಎಂದು ಡಾಕ್ಟರಿಗೆ ಹೇಳಿ, ಅದು ಹಾಳೆಗೆ ಬಿದ್ದಿತೆನ್ನಿ. ಪಕ್ಕದಲ್ಲೇ ಕೂತ ಗಂಡ ಅದನ್ನು ಓದಿ, ಮಕ್ಕಳನ್ನು ಮುಂದಿಟ್ಟು ಹೆದರಿಸಿದರೆ, ಪೊಲೀಸರು ಬರುವಷ್ಟರಲ್ಲಿ ಹೇಳಿಕೆ "ಸ್ಟೋವ್ ಸಿಡಿಯಿತು" ಎಂದಾಗುತ್ತದೆ. ಗರ್ಭಪಾತದ ಚೀಟಿಯೋ ಎಚ್.ಐ.ವಿ. ರಿಪೋರ್ಟೋ ಅತ್ತೆಮನೆಯವರ ಕೈಸೇರಿದರೆ ಹೊಡೆತಕ್ಕೆ ಹೊಸ ನೆಪ.

"ದುಡ್ಡು ಕಟ್ಟುವವನು ಗಂಡನಲ್ಲವೇ?" ಎನ್ನುತ್ತಾರೆ. ಕಟ್ಟಿದ ದುಡ್ಡಿಗೆ ರಸೀದಿ ಪಡೆಯಲಿ. ಹೆಂಡತಿಯ ದೇಹದ ಲೆಕ್ಕ ಕೇಳುವ ಹಕ್ಕು ಅದರಿಂದ ಬರುವುದಿಲ್ಲ.

ಕೋರ್ಟಿನ ಆದೇಶದಂಥ ಕೆಲವು ಸಂದರ್ಭ ಬಿಟ್ಟರೆ ರೋಗಿಯ ಗುಟ್ಟನ್ನು ವೈದ್ಯರು ಹೊರಗೆಡಹಬಾರದು ಎನ್ನುತ್ತವೆ ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳು. ಗರ್ಭಪಾತ ಮಾಡಿಸಿಕೊಂಡವಳ ಹೆಸರನ್ನು ಕಾನೂನಿನ ಅಧಿಕಾರವಿಲ್ಲದವರಿಗೆ ತಿಳಿಸಿದ ವೈದ್ಯರಿಗೆ ಒಂದು ವರ್ಷದವರೆಗೆ ಜೈಲು ಎಂದು 2021ರ ತಿದ್ದುಪಡಿ ಹೇಳುತ್ತದೆ. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಸಾರಿತು. ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದರೆ 2023ರ ದತ್ತಾಂಶ ರಕ್ಷಣಾ ಕಾಯಿದೆ ಕಂಪ್ಯೂಟರಿಗೆ ಏರಿದ ಮಾಹಿತಿಗಷ್ಟೇ ಅನ್ವಯ. ವಾರ್ಡಿನ ಕಾಗದ ಅದರ ಹೊರಗೇ ಉಳಿಯಿತು!

ಹಾಗೆಂದು ಗುಟ್ಟಿನ ನೆಪದಲ್ಲಿ ದೌರ್ಜನ್ಯವನ್ನು ಮುಚ್ಚಿಡಲು ಬಿಡಬಾರದು. ದಾಖಲೆ ಗಂಡನಿಗೆ ಗುಟ್ಟು, ಅವಳಿಗಲ್ಲ. ಅವಳು ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ಅದೇ 2002ರ ನಿಯಮಗಳಲ್ಲಿದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯಡಿ ತಪಾಸಣೆಯಾದರೆ ವರದಿಯ ಪ್ರತಿ ಅವಳಿಗೆ ಉಚಿತ. ನಾಳೆ ಕೋರ್ಟಿನಲ್ಲಿ ಅವಳ ಪರವಾಗಿ ಮಾತಾಡುವುದು ಆ ಹಾಳೆಯೇ.

ಸಂಘದಲ್ಲಿ ಇದನ್ನು ಚರ್ಚಿಸಿ. ಹತ್ತು ಜನ ಒಟ್ಟಾಗಿ ತಾಲ್ಲೂಕು ಆಸ್ಪತ್ರೆಗೆ ಹೋಗಿ ಕೇಳಿ: ಕೇಸ್ ಶೀಟು ಮಂಚದ ಮೇಲಲ್ಲ, ನರ್ಸಿನ ಬೀಗದ ಕಪಾಟಿನಲ್ಲಿರಲಿ. ಪೆಟ್ಟು ತಿಂದು ಬಂದವಳನ್ನು ಮನೆಯವರನ್ನು ಹೊರಗೆ ಕಳಿಸಿಯೇ ಮಾತಾಡಿಸಲಿ. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದು, ಅವಳಿಗೆ ಓದಿ ಹೇಳಲಿ. ಒಬ್ಬಳೇ ಕೇಳಿದರೆ ಗದರಿಸಿ ಕಳಿಸುತ್ತಾರೆ. ಹತ್ತು ಜನ ನಿಂತು ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ.