ಗಣಕಯಂತ್ರದ ಮಿದುಳಿಗೆ ಮಾತೃಭಾಷೆಯಿಲ್ಲ

ಗಣಕಯಂತ್ರವು ಇಂಗ್ಲಿಷಿನ ಯಂತ್ರ, ಕನ್ನಡದಲ್ಲಿ ಕಲಿತ ಮಗುವಿಗೆ ಅದು ದಕ್ಕದು ಎಂಬ ಭಾವನೆ ನಮ್ಮ ಗಡಿನಾಡಿನ ಅನೇಕ ಪೋಷಕರಲ್ಲಿ ಬೇರೂರಿದೆ. ಕನ್ನಡ ಶಾಲೆಯೊಂದರ ಸುವರ್ಣ ಮಹೋತ್ಸವದ ಈ ಶುಭ ಸಂದರ್ಭದಲ್ಲಿ ಆ ಭಾವನೆಯನ್ನು ಒರೆಗೆ ಹಚ್ಚುವುದು ಉಚಿತವೆಂದು ಭಾವಿಸುತ್ತೇನೆ.

ಗಣಕದ ಮಿದುಳೆನಿಸಿದ ಪ್ರೊಸೆಸರ್ ಹುಟ್ಟಿದ್ದೇ ಲೆಕ್ಕಕ್ಕಾಗಿ. 1971ರಲ್ಲಿ ಇಂಟೆಲ್ ಸಂಸ್ಥೆಯು ಹೊರತಂದ 4004 ಎಂಬ ಚಿಪ್ಪು ಮೊದಲಿಗೆ ಜಪಾನಿನ ಕಂಪನಿಯೊಂದರ ಕ್ಯಾಲ್ಕುಲೇಟರಿಗೆಂದು ರೂಪುಗೊಂಡಿತು. ಅದರಲ್ಲಿದ್ದ ಟ್ರಾನ್ಸಿಸ್ಟರುಗಳು ಸುಮಾರು 2,300. 1981ರಲ್ಲಿ ಐ.ಬಿ.ಎಂ. ಸಂಸ್ಥೆಯ ಮೇಜಿನ ಗಣಕವನ್ನು ನಡೆಸಿದ 8088ರಲ್ಲಿ ಅವು ಸುಮಾರು 29,000ಕ್ಕೇರಿದವು. 1993ರ ಪೆಂಟಿಯಂನಲ್ಲಿ 31 ಲಕ್ಷವಾದವು. ಆದರೆ ಇವುಗಳಲ್ಲಿ ಯಾವುದಕ್ಕೂ ಇಂಗ್ಲಿಷ್ ಬಾರದು. ಅವು ಬಲ್ಲದ್ದು ಸೊನ್ನೆ ಮತ್ತು ಒಂದನ್ನು ಮಾತ್ರ. ಇಂಗ್ಲಿಷಿನ ದೊಡ್ಡ 'ಎ' ಅಕ್ಷರವೂ ಅವುಗಳ ಪಾಲಿಗೆ 65 ಎಂಬ ಸಂಖ್ಯೆಯಷ್ಟೆ.

ಹಾಗಾದರೆ ಕನ್ನಡವು ಗಣಕಕ್ಕೆ ತಡವಾಗಿ ಬಂದುದೇಕೆ? ಇಂಗ್ಲಿಷ್ ಅಕ್ಷರಗಳು ಸಾಲಾಗಿ ನಿಂತರೆ ಸಾಕು. ನಮ್ಮವು ಗುಣಿತ, ಒತ್ತುಗಳಿಂದ ರೂಪ ಬದಲಿಸುತ್ತವೆ. ಆರಂಭಕಾಲದ ಗಣಕಗಳಿಗೆ ಆ ಹೊರೆ ಭಾರವಾಗಿತ್ತು. ಆದ್ದರಿಂದಲೇ ಭಾರತೀಯ ಲಿಪಿಗಳಿಗೆಂದು 'ಜಿಸ್ಟ್' ಎಂಬ ಪ್ರತ್ಯೇಕ ಕಾರ್ಡನ್ನು ಯಂತ್ರದೊಳಗೆ ಜೋಡಿಸಬೇಕಾಯಿತು. 1991ರ 'ಇಸ್ಕಿ' ಸಂಕೇತಕ್ರಮದಲ್ಲಿ 'ಕ' ಅಕ್ಷರಕ್ಕೆ ದೊರೆತ ಸಂಖ್ಯೆ 179. ತೆಲುಗಿನ 'ಕ' ಅಕ್ಷರಕ್ಕೂ ಅದೇ ಸಂಖ್ಯೆ! ಗುಡಿಬಂಡೆಯಲ್ಲಿ ಅಕ್ಕಪಕ್ಕ ಬಾಳುವ ಎರಡು ನುಡಿಗಳು ಯಂತ್ರದಲ್ಲಿಯೂ ಒಂದೇ ಮನೆಯಲ್ಲಿದ್ದವು. ಪ್ರೊಸೆಸರುಗಳ ಶಕ್ತಿ ಬೆಳೆದಂತೆ ಕಾರ್ಡು ಅನಗತ್ಯವಾಯಿತು. 1998ರಲ್ಲಿ 'ಬರಹ', ತರುವಾಯ 'ನುಡಿ' ತಂತ್ರಾಂಶಗಳು ಬಂದವು. 'ನುಡಿ'ಯ ಕೀಲಿಮಣೆಗೆ ಆಧಾರವಾದದ್ದು ಕೆ.ಪಿ. ರಾಯರ ವಿನ್ಯಾಸ. ತೊಡಕಿದ್ದುದು ಯಂತ್ರದ ಬಲದಲ್ಲಿ, ಭಾಷೆಯ ಯೋಗ್ಯತೆಯಲ್ಲಲ್ಲ.

ಪ್ರೊಸೆಸರುಗಳ ಕೈಪಿಡಿಗಳು ಇಂಗ್ಲಿಷಿನಲ್ಲಿವೆಯಲ್ಲ ಎಂದು ಕೆಲವರು ಕೇಳಬಹುದು. ನಿಜ, ಇಂಗ್ಲಿಷನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಸೋಣ. ಆದರೆ ತರ್ಕವು ಮೊದಲು ಮನೆಮಾತಿನಲ್ಲಿ ಮೊಳೆಯಲಿ. ಹದಿಮೂರನ್ನು 1101 ಎಂದು ಬರೆಯುವ ಬಗೆಯನ್ನು ಗಣಿತದ ತರಗತಿಯಲ್ಲಿ, ಕರಿಹಲಗೆಯ ಮೇಲೆ, ಅಚ್ಚಕನ್ನಡದಲ್ಲಿ ತಿಳಿಸಬಹುದು. ಎಂಟು, ನಾಲ್ಕು, ಒಂದು ಕೂಡಿದರೆ ಹದಿಮೂರು. ಎರಡರ ಸ್ಥಾನ ಖಾಲಿ. ಇಷ್ಟನ್ನರಿತ ಮಗುವಿಗೆ ಪ್ರೊಸೆಸರಿನ ಹೊಸ್ತಿಲು ದಾಟಿದಂತೆಯೇ.

ಶಾಲೆಗೆ ಗಣಕಗಳನ್ನು ದಾನಮಾಡುವ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಪೆಟ್ಟಿಗೆಗಳನ್ನಿಳಿಸಿ ಹೊರಡಬೇಡಿ. ವರ್ಷಕ್ಕೆ ನಾಲ್ಕು ದಿನವಾದರೂ ಬಂದು, ಅದರೊಳಗಿನ ಲೆಕ್ಕವನ್ನು ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಹೇಳಿಕೊಡಿ.