ಶಾಂತತೆ ಸಾಕು, ಹುಡುಗರಿಗೊಂದು ಕೋಣೆ ಬೇಕು

2024ರ ಡಿಸೆಂಬರ್‌ನಲ್ಲಿ, ಪುಣೆ ಪುಸ್ತಕ ಮಹೋತ್ಸವಕ್ಕೆ ಕೆಲವು ದಿನ ಮುಂಚೆ, ಇಡೀ ಊರು ಮಧ್ಯಾಹ್ನ 12ರಿಂದ 1ರ ತನಕ ಕೈಯಲ್ಲೊಂದು ಪುಸ್ತಕ ಹಿಡಿದು ಕೂರಬೇಕೆಂದು ಕರೆ ಬಂತು. ಅಭಿಯಾನದ ಹೆಸರು ‘ಶಾಂತತಾ, ಪುಣೇಕರ್ ವಾಚತ್ ಆಹೇತ್’. ಸದ್ದು ಮಾಡಬೇಡಿ, ಪುಣೆಯವರು ಓದುತ್ತಿದ್ದಾರೆ ಎಂದರ್ಥ. ತೆಂಡೂಲ್ಕರರ ‘ಶಾಂತತಾ! ಕೋರ್ಟ್ ಚಾಲೂ ಆಹೇ’ ಗೊತ್ತಿದ್ದವರಿಗೆ ಒಳಗೊಳಗೇ ನಗು ಬಂದಿರಬೇಕು. ಆ ನಾಟಕದಲ್ಲಿ ಶಾಂತತೆ ಶಾಂತತೆ ಎನ್ನುವವರೆಲ್ಲ ಸೇರಿ ಒಬ್ಬ ಹೆಣ್ಣಿನ ಬಾಯಿ ಮುಚ್ಚಿಸುತ್ತಾರೆ. ಹೆಸರಿಟ್ಟವರಿಗೆ ಅದು ನೆನಪಿತ್ತೋ ಇಲ್ಲವೋ. ಅದರ ಹಿಂದಿನ ವರ್ಷದ ಡಿಸೆಂಬರ್‌ನಲ್ಲಿ ಸಾವಿರಾರು ತಂದೆತಾಯಂದಿರು ಒಂದೇ ಕಡೆ ಕೂತು ಮಕ್ಕಳಿಗೆ ಕತೆ ಓದಿ ಗಿನ್ನೆಸ್ ದಾಖಲೆಯನ್ನೂ ಮಾಡಿದ್ದರು.

ಮಹೋತ್ಸವ ಬೇಡ ಎನ್ನುವವನು ನಾನಲ್ಲ. ಫರ್ಗ್ಯೂಸನ್ ಕಾಲೇಜಿನ ಮೈದಾನದಲ್ಲಿ ಧೂಳು ಕುಡಿದು, ಚೀಲ ತುಂಬ ಪುಸ್ತಕ ಹೊತ್ತು ಬರುವವರಲ್ಲಿ ನಾನೂ ಒಬ್ಬ. ಆದರೆ ಆ ಒಂದು ವಾರ ಮುಗಿದ ಮೇಲೆ ಉಳಿಯುವ ಐವತ್ತೊಂದು ವಾರಗಳಲ್ಲಿ ಹದಿನಾಲ್ಕು ವರ್ಷದ ಒಬ್ಬ ಹುಡುಗಿ ಶನಿವಾರ ಸಂಜೆ ಐದಕ್ಕೆ ಮನೆಯಿಂದ ಹೊರಟರೆ ಎಲ್ಲಿಗೆ ಹೋಗಬೇಕು? ಮಾಲ್‌ಗೆ ಹೋದರೆ ದುಡ್ಡು ಬೇಕು. ಕೆಫೆಗೂ ಬೇಕು. ಸೊಸೈಟಿಯ ಕಟ್ಟೆ ಮೇಲೆ ಕೂತರೆ ವಾಚ್‌ಮನ್ ಬಂದು ಫ್ಲ್ಯಾಟ್ ನಂಬರ್ ಕೇಳುತ್ತಾನೆ. ಲೈಬ್ರರಿಗೆ ಹೋಗಲಿ ಎನ್ನುತ್ತೀರಿ. ಹೋಗಲಿ. ಅಲ್ಲಿ ಅವಳಿಗೆ ಕುರ್ಚಿ ಯಾವುದು?

ಗ್ರಂಥಾಲಯಗಳ ಬರ ಪುಣೆಗಿಲ್ಲ. ಲೋಕಹಿತವಾದಿ ಗೋಪಾಳ ಹರಿ ದೇಶಮುಖರು ಮುಂದೆ ನಿಂತು ಕಟ್ಟಿದ, ಈಗ ಪುಣೆ ನಗರ ವಾಚನ ಮಂದಿರ ಎಂಬ ಹೆಸರಿನಲ್ಲಿರುವ ಗ್ರಂಥಾಲಯ 1848ರದ್ದು. ಪುಣೆ ಮರಾಠಿ ಗ್ರಂಥಾಲಯ 1911ರದ್ದು. ವಿಶ್ರಾಮಬಾಗ್ ವಾಡೆಯ ಸರ್ಕಾರಿ ಗ್ರಂಥಾಲಯ, ವಿಶ್ವವಿದ್ಯಾಲಯದ ಜಯಕರ್ ಗ್ರಂಥಾಲಯ, ಭಾಂಡಾರಕರ್ ಸಂಸ್ಥೆ, ಹೀಗೆ ಪಟ್ಟಿ ಬೆಳೆಯುತ್ತದೆ. ಆದರೆ ಇವತ್ತು ಸದಾಶಿವ ಪೇಟೆ, ನವಿ ಪೇಟೆಗಳ ಗಲ್ಲಿಯಲ್ಲಿ ನಡೆದು ನೋಡಿ. ಎದ್ದು ಕಾಣುವ ಬೋರ್ಡು ಗ್ರಂಥಾಲಯದ್ದಲ್ಲ, ‘ಅಭ್ಯಾಸಿಕಾ’ದ್ದು. ತಿಂಗಳ ಬಾಡಿಗೆ ಕೊಟ್ಟರೆ ಒಂದು ಕುರ್ಚಿ, ಮುಂದೆ ಮರದ ಅಡ್ಡ ಹಲಗೆ, ತಲೆ ಮೇಲೆ ಟ್ಯೂಬ್‌ಲೈಟು. ಎಂಪಿಎಸ್‌ಸಿ, ಯುಪಿಎಸ್‌ಸಿ ಕಟ್ಟುವ ಹುಡುಗ ಹುಡುಗಿಯರು ಬೆಳಗಿನಿಂದ ರಾತ್ರಿಯವರೆಗೆ ಅಲ್ಲಿ ಬಗ್ಗಿದ ಬೆನ್ನು ಎತ್ತದೆ ಕೂತಿರುತ್ತಾರೆ. ಅವರ ಬಗ್ಗೆ ನನಗೆ ಗೌರವವಿದೆ. ಬೀಡ್, ಲಾತೂರ್, ನಾಂದೇಡ್ ಕಡೆಯ ಹಳ್ಳಿಗಳಿಂದ, ಮನೆಯವರು ಸಾಲ ಮಾಡಿ ಕೊಟ್ಟ ದುಡ್ಡಿನಲ್ಲಿ ಬಂದವರು. ಅವರಿಗೆ ನಿಶ್ಶಬ್ದ ಬೇಕು, ಸಿಗಲೇಬೇಕು.

ತಕರಾರು ಇರುವುದು ಆ ನಿಶ್ಶಬ್ದವೇ ಗ್ರಂಥಾಲಯದ ಅರ್ಥ ಆಗಿಹೋಯಿತಲ್ಲ, ಅದಕ್ಕೆ. ಪಾಲಿಕೆಯವರಿಗೆ ಓದಿನ ಜಾಗ ಮಾಡಿಕೊಡಿ ಎಂದರೆ ಅವರ ಕಣ್ಣ ಮುಂದೆ ಬರುವುದು ಅಭ್ಯಾಸಿಕಾ. ಸ್ವಲ್ಪ ಉದಾರಿಗಳಾದರೆ ಒಂದು ಬಾಲವಿಭಾಗ ಮಾಡುತ್ತಾರೆ. ಗೋಡೆ ಮೇಲೆ ಛೋಟಾ ಭೀಮ್, ಎತ್ತರ ಕಡಿಮೆಯ ಪ್ಲಾಸ್ಟಿಕ್ ಕುರ್ಚಿ. ಹನ್ನೆರಡು ದಾಟಿದ ಹುಡುಗನ ಮೊಣಕಾಲು ಆ ಮೇಜಿನ ಕೆಳಗೆ ಹಿಡಿಸುವುದಿಲ್ಲ. ದೊಡ್ಡವರ ಕೋಣೆಗೆ ಹೋದರೆ ‘ಶೂ’ ಎನ್ನುತ್ತಾರೆ. ಹದಿಮೂರರಿಂದ ಹದಿನೆಂಟು, ಓದುಗ ಆಗುವುದೋ ಕೈಬಿಟ್ಟು ಹೋಗುವುದೋ ತೀರ್ಮಾನವಾಗುವ ಆರು ವರ್ಷ, ಎರಡು ಕೋಣೆಗಳ ನಡುವಿನ ಮೆಟ್ಟಿಲ ಮೇಲೆ ಕಳೆದುಹೋಗುತ್ತದೆ.

ವಿಚಿತ್ರವೆಂದರೆ ಈ ವಯಸ್ಸನ್ನು ಗುರುತಿಸಿ ಬರೆದ ಭಾಷೆಗಳಲ್ಲಿ ಮರಾಠಿ ಮುಂದಿದೆ. ಅಲ್ಲಿ ಬಾಲಸಾಹಿತ್ಯ ಅನ್ನುವುದಿಲ್ಲ, ಬಾಲ-ಕುಮಾರ ಸಾಹಿತ್ಯ ಅನ್ನುತ್ತಾರೆ. ಬಾಲಭಾರತಿ 1971ರಿಂದ ತರುತ್ತಿರುವ ಮಾಸಿಕದ ಹೆಸರೇ ‘ಕಿಶೋರ್’. ಭಾ. ರಾ. ಭಾಗವತರ ಫಾಸ್ಟರ್ ಫೇಣೆ ಇದೇ ಪುಣೆಯ ಪಕ್ಕದ ಫುರಸುಂಗಿಯ ಹುಡುಗ, ಸೈಕಲ್ ಹತ್ತಿ ಊರೆಲ್ಲ ಸುತ್ತಿ ಕಳ್ಳರನ್ನು ಹಿಡಿಯುತ್ತಾನೆ. ಆ ಹುಡುಗ ಈಗ ಗ್ರಂಥಾಲಯಕ್ಕೆ ಬಂದರೆ ಐದೇ ನಿಮಿಷಕ್ಕೆ ಹೊರಗೆ ಕಳಿಸುತ್ತಾರೆ. ಅವನಿಗೆ ಸುಮ್ಮನೆ ಕೂರಲು ಬರುವುದಿಲ್ಲ.

ಇದು ಬರೀ ಮನಸ್ಸಿನ ಮಾತಲ್ಲ, ಕಾಯ್ದೆಯದ್ದೂ ಹೌದು. ಮಹಾರಾಷ್ಟ್ರದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1967ರದು. ಅದರಲ್ಲಿ ಗ್ರಂಥಾಲಯ ಕರ ಇಲ್ಲ. ಸಂಘ ಸಂಸ್ಥೆಗಳು ನಡೆಸುವ ಗ್ರಂಥಾಲಯಗಳನ್ನು ಅ, ಬ, ಕ, ಡ ಎಂದು ವರ್ಗ ಮಾಡಿ ಸರ್ಕಾರ ಅನುದಾನ ಕೊಡುತ್ತದೆ. ಅದರಿಂದ ಬಂದ ಒಳ್ಳೆಯದೂ ಇದೆ: ಹಳ್ಳಿ ಹಳ್ಳಿಯಲ್ಲಿ ಜನರೇ ಕಟ್ಟಿದ ವಾಚನಾಲಯಗಳು ಉಳಿದವು. ಆದರೆ ಅನುದಾನ ನಂಬಿಕೊಂಡ ಸಂಸ್ಥೆ ವರ್ಗಣಿ, ಠೇವಣಿ ಕೇಳಲೇಬೇಕು, ಠೇವಣಿ ಕೊಡುವವರು ದೊಡ್ಡವರು, ಆದ್ದರಿಂದ ಗ್ರಂಥಾಲಯ ದೊಡ್ಡವರದ್ದು. ನಮ್ಮ ಕರ್ನಾಟಕದ 1965ರ ಕಾಯ್ದೆಯಲ್ಲಿ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ ಇದೆ, ಈಗ ನೂರಕ್ಕೆ 6. ಆ ದುಡ್ಡನ್ನು ಪಾಲಿಕೆಗಳು ವರ್ಷಗಟ್ಟಲೆ ಗ್ರಂಥಾಲಯ ಇಲಾಖೆಗೆ ದಾಟಿಸದೆ ಇಟ್ಟುಕೊಳ್ಳುವ ಕತೆ ಬೆಂಗಳೂರಿನ ಪತ್ರಿಕೆ ಓದುವವರಿಗೆ ಹೊಸದಲ್ಲ. ಹಾಗಾಗಿ ನಮ್ಮದೇ ಶ್ರೇಷ್ಠ ಎಂದು ಕೊಚ್ಚಿಕೊಳ್ಳುವಂತಿಲ್ಲ.

ಒಂದು ವಿಷಯದಲ್ಲಿ ಮಾತ್ರ ಕೊಚ್ಚಿಕೊಳ್ಳಬಹುದು. 2019ರಲ್ಲಿ ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಐದೂವರೆ ಸಾವಿರಕ್ಕೂ ಹೆಚ್ಚು ಗ್ರಂಥಾಲಯ. 2020ರಲ್ಲಿ, ಕೊರೋನಾದಿಂದ ಶಾಲೆಗಳು ಬಾಗಿಲು ಹಾಕಿದ್ದಾಗ, ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಮಾಡಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಈಗ ಅವುಗಳ ಹೆಸರು ಅರಿವು ಕೇಂದ್ರ. ಎಲ್ಲವೂ ಚೆನ್ನಾಗಿವೆ ಅನ್ನಲಾರೆ. ಮೇಲ್ವಿಚಾರಕರು ಆಸಕ್ತರಾಗಿದ್ದರೆ ಜೀವ, ಇಲ್ಲದಿದ್ದರೆ ಬೀಗ. ಆದರೂ ಆ ‘18’ ಎಂಬ ಅಂಕಿಯನ್ನು ನೋಡಿ. ಬಾಲವಿಭಾಗಕ್ಕೆ ಹನ್ನೆರಡಕ್ಕೇ ಗೆರೆ ಎಳೆಯದೆ ಹದಿನೆಂಟರ ತನಕ ನೀನು ನಮ್ಮವನು ಎಂದದ್ದು ದೊಡ್ಡ ಮಾತು. ಹಾವೇರಿ ಜಿಲ್ಲೆಯಲ್ಲಿರುವ ನಮ್ಮಣ್ಣನ ಮಗಳು ಪಿಯುಸಿ ಮೊದಲ ವರ್ಷ. ಚಪ್ಪಲಿ ಮೆಟ್ಟಿಕೊಂಡು ಐದು ನಿಮಿಷ ನಡೆದರೆ ಅವಳಿಗೆ ಅರಿವು ಕೇಂದ್ರ. ಹಿಂಜವಡಿಯಲ್ಲಿ ಮೂರು ಬೆಡ್‌ರೂಮಿನ ಮನೆಯ ನನ್ನ ಮಗನಿಗೆ ನಡೆದು ಹೋಗುವಷ್ಟು ದೂರದಲ್ಲಿ ಇರುವುದು ಮೂರು ಕೋಚಿಂಗ್ ಸೆಂಟರು. ವಲಸೆ ಬಂದು ಮುಂದುವರಿದವರು ಯಾರು ಎಂದು ಅಣ್ಣ ನಗುತ್ತಾನೆ.

ಇನ್ನು ನಮ್ಮ ಮನೆಯ ವಿಷಯ, ಅಂದರೆ ಪುಣೆಯ ಕನ್ನಡದವರದು. ನವೆಂಬರ್ ಬಂದರೆ ನಾವು ಬಾಡಿಗೆ ಸಭಾಂಗಣ, ಧ್ವನಿವರ್ಧಕ, ಊಟಕ್ಕೆ ಹೋಳಿಗೆ ಎಲ್ಲ ಮಾಡುತ್ತೇವೆ. ಆರು ವರ್ಷದ ಮಗು ಒಬವ್ವನ ವೇಷ ಹಾಕುತ್ತದೆ, ಎಂಟು ವರ್ಷದ್ದು ನಾಡಗೀತೆ ಹಾಡುತ್ತದೆ. ಹದಿಮೂರಾದ ಮೇಲೆ ಆ ಮಕ್ಕಳು ಎಲ್ಲಿ ಹೋದರು? ವೇದಿಕೆಯ ಹಿಂದೆ ಮೊಬೈಲ್ ಹಿಡಿದು ನಿಂತಿರುತ್ತಾರೆ, ಊಟ ಯಾವಾಗ ಎಂದು ಕೇಳುತ್ತಾರೆ. ಆಗ ನಾವು ‘ಈಗಿನ ಹುಡುಗರಿಗೆ ಕನ್ನಡ ಬೇಡ, ಓದು ಬೇಡ’ ಎಂಬ ಪಲ್ಲವಿ ತೆಗೆಯುತ್ತೇವೆ. ಅವರಿಗೆ ಆ ಕಾರ್ಯಕ್ರಮದಲ್ಲಿ ಮಾಡಲು ಏನಿತ್ತು ಎಂದು ಕೇಳುವುದಿಲ್ಲ. ಬಜೆಟ್ ನಮ್ಮದು, ಅತಿಥಿಯನ್ನು ಆರಿಸಿದ್ದು ನಾವು, ಪುಸ್ತಕ ಬಹುಮಾನ ಆರಿಸಿದ್ದೂ ನಾವು. ಅವರಿಗೆ ಬಿಟ್ಟದ್ದು ಚಪ್ಪಾಳೆ.

ನಮ್ಮ ಕೆಲಸದ ಜಾಗದ ಚಟವನ್ನೂ ಇಲ್ಲಿಗೆ ತಂದಿದ್ದೇವೆ. ಓದನ್ನು ಪ್ರಾಜೆಕ್ಟ್ ಮಾಡಿದೆವು. ರಜೆಯಲ್ಲಿ ಎಷ್ಟು ಪುಸ್ತಕ, ಯಾರಿಗೆ ಸರ್ಟಿಫಿಕೇಟ್, ಮುಂದೆ ವಿದೇಶದ ಕಾಲೇಜಿನ ಅರ್ಜಿಯಲ್ಲಿ ಯಾವ ಸಾಲಿಗೆ ಬರೆದುಕೊಳ್ಳಬಹುದು. ಎಕ್ಸೆಲ್ ಹಾಳೆಯಲ್ಲಿ ಹಸಿರು, ಹಳದಿ, ಕೆಂಪು ಬಣ್ಣ ತುಂಬಿ ಹೊಟ್ಟೆ ಹೊರೆಯುವವನಾಗಿ ಹೇಳುತ್ತೇನೆ, ಎಣಿಸಲು ಶುರು ಮಾಡಿದ ಮೇಲೆ ಹುಡುಗರು ತೆಳ್ಳಗಿನ ಪುಸ್ತಕವನ್ನೇ ಹುಡುಕುತ್ತಾರೆ. ನಾನಿದ್ದರೂ ಹಾಗೇ ಮಾಡುತ್ತಿದ್ದೆ.

ಹೇಳುವುದು ಸುಲಭ, ಮಾಡಿ ತೋರಿಸಿ ಎನ್ನುತ್ತೀರಿ. ಮಾಡಿದೆವು. ಒಂದು ಸೊಸೈಟಿಯ ಕ್ಲಬ್ ಹೌಸಿನಲ್ಲಿ, ಟೇಬಲ್ ಟೆನಿಸ್ ಕೋಣೆಯ ಪಕ್ಕ, ನಾಲ್ಕು ತಿಂಗಳು, ಪ್ರತಿ ಶನಿವಾರ ಸಂಜೆ. ಹನ್ನೊಂದು ಹುಡುಗರು, ಅವರಲ್ಲಿ ಕನ್ನಡದವರು ಐದು, ಉಳಿದವರು ಮರಾಠಿ, ತೆಲುಗು, ಒಬ್ಬಳು ಬಂಗಾಳಿ. ನಿಯಮ ಮಾಡಿದ್ದು ಅವರೇ: ಬಹುಮಾನ ಇಲ್ಲ, ಅಪ್ಪ ಅಮ್ಮ ಒಳಗೆ ಬರುವಂತಿಲ್ಲ, ಯಾವ ಪುಸ್ತಕಕ್ಕೂ ಯಾರೂ ಮುಖ ಸಿಂಡರಿಸುವಂತಿಲ್ಲ. ಮೊದಲ ತಿಂಗಳೆಲ್ಲ ಜಪಾನಿ ಮಾಂಗಾ. ನನ್ನನ್ನು ಬಾಗಿಲ ಬಳಿ ಒಂದು ಸ್ಟೂಲಿನ ಮೇಲೆ ಕೂರಿಸಿ, ಗಟ್ಟಿಯಾಗಿ ಓದುವವನು ಎಂಬ ಹುದ್ದೆ ಕೊಟ್ಟರು. ನಮ್ಮ ಐದು ಮಕ್ಕಳಿಗೆ ಕನ್ನಡ ಅಕ್ಷರ ಓಡುವುದಿಲ್ಲ, ಕಿವಿ ಮಾತ್ರ ಚುರುಕು. ತೇಜಸ್ವಿಯವರ ‘ಕರ್ವಾಲೊ’ವನ್ನು ವಾರಕ್ಕಿಷ್ಟು ಓದುತ್ತ ಹೋದೆ, ಒಬ್ಬ ಹುಡುಗ ಬೇರೆಯವರಿಗೆ ಹಿಂದಿಯಲ್ಲಿ ಹೇಳುತ್ತಿದ್ದ. ಹಾರುವ ಓತಿ ಬಂದಾಗ ಜಗಳ. ಸುಳ್ಳು ಎಂದ ಒಬ್ಬ. ಬಂಗಾಳಿ ಹುಡುಗಿ ಫೋನ್ ತೆಗೆದು, ಪಶ್ಚಿಮ ಘಟ್ಟದಲ್ಲಿ ಹಾರುವ ಓತಿ ನಿಜಕ್ಕೂ ಇದೆ, ಅದರ ಕುಲದ ಹೆಸರು ಡ್ರೇಕೊ ಎಂದಳು. ಆಮೇಲೆ ಮಂದಣ್ಣನಿಗೆ ಓದು ಇಲ್ಲದಿದ್ದರೂ ಅವನು ವಿಜ್ಞಾನಿಯೋ ಅಲ್ಲವೋ ಎಂಬುದರ ಮೇಲೆ ಮುಕ್ಕಾಲು ಗಂಟೆ ಕೂಗಾಟ. ಅಷ್ಟು ಒಳ್ಳೆಯ ಸಾಹಿತ್ಯ ವಿಮರ್ಶೆ ನಾನು ಈಚೆಗೆ ಕೇಳಿರಲಿಲ್ಲ.

ನಾಲ್ಕನೇ ತಿಂಗಳಿಗೆ ಆಡಳಿತ ಸಮಿತಿಯಿಂದ ಇಮೇಲ್: ಗಲಾಟೆ, ಹುಡುಗ ಹುಡುಗಿಯರು ಬಾಗಿಲು ಹಾಕಿಕೊಂಡು ಕೂರುತ್ತಾರೆ, ಮೇಲಾಗಿ ಆ ಕೋಣೆಯಿಂದ ಆದಾಯ ಬರಬೇಕು. ಈಗ ಅಲ್ಲಿ ಅಬಾಕಸ್ ತರಗತಿ ನಡೆಯುತ್ತದೆ. ನಿಶ್ಶಬ್ದವಾಗಿದೆ.

ಅದಕ್ಕೇ ಹೇಳುವುದು, ಇದು ಸೊಸೈಟಿಗಳ ಕೃಪೆಗೆ ಬಿಡುವ ಕೆಲಸವಲ್ಲ, ಸಾರ್ವಜನಿಕ ಗ್ರಂಥಾಲಯದ ಕೆಲಸ. ಬೇರೆ ಕಡೆ ಇದನ್ನು ಎಂದೋ ಕಂಡುಕೊಂಡರು. ಅಮೆರಿಕದ ಬಾಲ್ಟಿಮೋರಿನ ಎನಕ್ ಪ್ರಾಟ್ ಗ್ರಂಥಾಲಯದಲ್ಲಿ 1930ರ ದಶಕದಲ್ಲೇ ಮಾರ್ಗರೆಟ್ ಎಡ್ವರ್ಡ್ಸ್ ಎಂಬಾಕೆ ಹದಿಹರೆಯದವರಿಗೆಂದೇ ವಿಭಾಗ ಕಟ್ಟಿದಳು. ಯುದ್ಧದ ವರ್ಷಗಳಲ್ಲಿ ಕುದುರೆ ಗಾಡಿಯಲ್ಲಿ ಪುಸ್ತಕ ಹೇರಿಕೊಂಡು ಬಡವರ ಬೀದಿಗೆ ಹೋದಳು. ಶಿಕಾಗೋದ ಮುಖ್ಯ ಗ್ರಂಥಾಲಯ 2009ರಲ್ಲಿ ಹುಡುಗರಿಗೆ ಬಿಟ್ಟುಕೊಟ್ಟ ಜಾಗದಲ್ಲಿ ಹಾಡು ರೆಕಾರ್ಡ್ ಮಾಡಬಹುದು, ಏನೂ ಮಾಡದೆ ಹರಟೆಯನ್ನೂ ಹೊಡೆಯಬಹುದು. ಅಷ್ಟು ದೂರ ಯಾಕೆ, ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರು ಮಕ್ಕಳ ಕೂಟ ಆರಂಭಿಸಿದ್ದು 1938ರಲ್ಲಿ. ಮಕ್ಕಳು ಕೂಡುವುದಕ್ಕೆ ಒಂದು ಜಾಗ ಬೇಕು ಎಂಬ ಸರಳ ವಿಷಯ ಅವರಿಗೆ ಹೊಳೆದಿತ್ತು, ಹೆಸರಿನಲ್ಲೇ ಇಟ್ಟರು.

ಸಾರ್ವಜನಿಕವೇ ಆಗಬೇಕು ಎನ್ನಲು ಇನ್ನೊಂದು ಕಾರಣವಿದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ಪುಣೆಯ ಕನ್ನಡ ಅಂದರೆ ಐಟಿಯವರ ಕನ್ನಡ ಎಂದು ನಮಗೆ ನಾವೇ ಅಂದುಕೊಂಡಿದ್ದೇವೆ. ನಮ್ಮ ಟವರುಗಳನ್ನು ಕಟ್ಟಿದವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದಿಂದ ಬಂದವರು ಎಷ್ಟು ಜನ! ತಗಡಿನ ಶೆಡ್ಡುಗಳಿಂದ ‘ಏ ತಮ್ಮಾ, ಬಾ ಇಲ್ಲಿ’ ಎಂಬ ಕೂಗು ಕೇಳಿ ನೀವೂ ತಿರುಗಿ ನೋಡಿರುತ್ತೀರಿ. ಪುಣೆ ಪಾಲಿಕೆ ಕನ್ನಡ ಮಾಧ್ಯಮದ ಶಾಲೆ ನಡೆಸುತ್ತದೆ ಎಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಆ ಮಕ್ಕಳಿಗೆ ಅಕ್ಷರ ಬರುತ್ತದೆ, ಪುಸ್ತಕ ಇಲ್ಲ. ನಮ್ಮ ಮಕ್ಕಳ ಬಳಿ ಪುಸ್ತಕ ಇದೆ, ಅಕ್ಷರ ಇಲ್ಲ. ಇವರಿಬ್ಬರೂ ಒಂದೇ ಮೇಜಿನ ಎರಡು ಕಡೆ ಕೂರಬಹುದಾದ ಜಾಗ ಈ ಊರಿನಲ್ಲಿ ಯಾವುದು? ಸೊಸೈಟಿಯ ಗೇಟು ಅವರನ್ನು ಒಳಗೆ ಬಿಡುವುದಿಲ್ಲ, ರಾಜ್ಯೋತ್ಸವದ ಪಾಸು ಅವರಿಗೆ ತಲುಪುವುದಿಲ್ಲ. ಠೇವಣಿ ಕೇಳದ, ಫ್ಲ್ಯಾಟ್ ನಂಬರ್ ಕೇಳದ ವಾರ್ಡಿನ ಗ್ರಂಥಾಲಯ ಒಂದೇ ಉಳಿಯಿತು. ನನ್ನ ಸ್ಟೂಲಿನ ಕೆಲಸವನ್ನು ಆ ಶೆಡ್ಡಿನ ಹುಡುಗಿ ನನಗಿಂತ ಚೆನ್ನಾಗಿ ಮಾಡುತ್ತಾಳೆ.

ದುಡ್ಡೆಲ್ಲಿ ಎನ್ನುವವರಿಗೆ: ಪುಣೆ ಪಾಲಿಕೆಯಲ್ಲಿ 2006ರಿಂದ ನಾಗರಿಕರು ಬಜೆಟ್‌ಗೆ ಕೆಲಸ ಸೂಚಿಸುವ ಪದ್ಧತಿ ಇದೆ, ಒಂದು ಕೆಲಸಕ್ಕೆ 5 ಲಕ್ಷ ರೂಪಾಯಿಯ ಮಿತಿಯಲ್ಲಿ. ಬಹುಪಾಲು ಅರ್ಜಿ ಫುಟ್‌ಪಾತು, ಬೆಂಚು, ಬೀದಿ ದೀಪದವು. ಬೇಡವೆನ್ನುವುದಿಲ್ಲ. ಆದರೆ ಕಟ್ಟಿ ಮುಗಿಸಿದ ಅಭ್ಯಾಸಿಕಾ ಕಟ್ಟಡದಲ್ಲಿ ಒಂದು ಕೋಣೆ ಬೇರೆ ಮಾಡಿ, ಸದ್ದು ದಾಟದ ಬಾಗಿಲು ಹಾಕಿ, ಹತ್ತು ಕುರ್ಚಿ, ಎರಡು ಕಪಾಟು, ಶನಿವಾರ ಭಾನುವಾರ ಸಂಜೆ ಬರುವ ಒಬ್ಬರ ಗೌರವಧನ ಎಂದು ಲೆಕ್ಕ ಹಾಕಿ ನೋಡಿ. ನಾನು ಹಾಕಿದ್ದೇನೆ, 5 ಲಕ್ಷದಲ್ಲಿ ಒಂದು ವರ್ಷ ನಡೆಯುತ್ತದೆ. ಗೌರವಧನಕ್ಕೆ ಪಾಲಿಕೆ ಒಪ್ಪದಿದ್ದರೆ ಒಂದು ರಾಜ್ಯೋತ್ಸವದ ಊಟದ ಖರ್ಚಿನಲ್ಲಿ ಅದು ಹೊಂದುತ್ತದೆ. ಅರ್ಜಿಯ ಮರಾಠಿ ಕರಡು ಸಿದ್ಧವಿದೆ. ಪುಸ್ತಕ ಯಾವುವು ಎಂಬ ಕಾಲಂ ಖಾಲಿ ಬಿಟ್ಟಿದ್ದೇನೆ, ಅದನ್ನು ಆ ಹನ್ನೊಂದು ಹುಡುಗರು ತುಂಬುತ್ತಿದ್ದಾರೆ. ಮೊದಲ ಹೆಸರು ಮಾಂಗಾದ್ದೇ.