ಮೆತ್ತನೆ ನೆಲ, ಭಾರಿ ಯಂತ್ರ: ನೆಲಹಾಸು ಟೆಂಡರಿನೊಳಗೇ ಬರಲಿ

ಕ್ರೇನ್, ಹಿಟಾಚಿ, ಟಿಪ್ಪರ್‌ಗಳಂಥ ಭಾರಿ ಯಂತ್ರಗಳು ಮೆತ್ತನೆ ನೆಲದಲ್ಲಿ ಹೂತುಹೋಗದಂತೆ ಕೆಲಸದ ಅವಧಿಗೆ ಮಾತ್ರ ಹಾಸಿ, ಆಮೇಲೆ ಎತ್ತಿಕೊಂಡು ಹೋಗುವ ಮರದ, ಉಕ್ಕಿನ ಅಥವಾ ಪ್ಲಾಸ್ಟಿಕ್ಕಿನ ಹಲಗೆಗಳಿಗೆ ತಾತ್ಕಾಲಿಕ ನೆಲಹಾಸು ಎನ್ನಬಹುದು. ಎಂಜಿನಿಯರುಗಳ ಬಾಯಲ್ಲಿ ಅದು ಮ್ಯಾಟ್. ನಂಜನಗೂಡು ಮತ್ತು ತಿ.ನರಸೀಪುರ ತಾಲ್ಲೂಕುಗಳಂಥ ನಾಲಾ ಬಯಲಿಗೆ ಇದರ ಅಗತ್ಯ ಹೆಚ್ಚು. ಆದರೆ ಯಂತ್ರ ಹೂತ ಮೇಲೆ ಕಲ್ಲು, ಕಬ್ಬಿನ ಸೋಗೆ, ತೆಂಗಿನ ಗರಿ ತಂದು ಚಕ್ರದಡಿ ತುರುಕುವುದೇ ಹಳ್ಳಿಗಳ ರೂಢಿ. ನೆಲಹಾಸಿನ ಖರ್ಚು ಕಾಮಗಾರಿಯ ಅಂದಾಜುಪಟ್ಟಿಯಲ್ಲಿ ಸೇರದಿರುವವರೆಗೆ ಆ ಖರ್ಚಿಗಿಂತ ದೊಡ್ಡ ನಷ್ಟ ಗದ್ದೆಯ ಒಡೆಯನ ತಲೆಗೆ ಬೀಳುತ್ತಲೇ ಇರುತ್ತದೆ.

ಈ ಎರಡು ತಾಲ್ಲೂಕುಗಳ ನೆಲ ಒಂದೇ ಬಗೆಯದಲ್ಲ. ದಿಣ್ಣೆಗಳಲ್ಲಿ ಕೆಂಪು ಮಣ್ಣು, ಗರಸು ಇವೆ. ಅವು ಭಾರವನ್ನು ಚೆನ್ನಾಗಿಯೇ ಹೊರುತ್ತವೆ. ತಗ್ಗಿನಲ್ಲಿ ಅಲ್ಲಲ್ಲಿ ಎರೆಮಣ್ಣಿದೆ. ನೀರು ಕುಡಿದರೆ ಉಬ್ಬಿ ಜಿಗುಟಾಗುವುದು, ಒಣಗಿದರೆ ಬಿರುಕುಬಿಟ್ಟು ಕಲ್ಲಿನಂತಾಗುವುದು ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜದ ಗುಣ. ಕಬಿನಿ ಬಲದಂಡೆ ನಾಲೆ, ವರುಣಾ ನಾಲೆ, ಹಳೆಯ ಹುಲ್ಲಹಳ್ಳಿ, ರಾಂಪುರ ನಾಲೆಗಳು, ತಲಕಾಡು ಭಾಗದ ಮಾಧವಮಂತ್ರಿ ನಾಲೆ ಇವುಗಳ ಅಚ್ಚುಕಟ್ಟಿನಲ್ಲಿ ಗದ್ದೆಗಳು ತಿಂಗಳುಗಟ್ಟಲೆ ನೀರು ನಿಂತು ನೆನೆಯುತ್ತವೆ. ಇದರ ಮೇಲೆ ನೆರೆ ಬೇರೆ. 2018, 2019 ಮತ್ತು 2024ರ ಮಳೆಗಾಲದಲ್ಲಿ ಕಬಿನಿ ಜಲಾಶಯದಿಂದ ಬಿಟ್ಟ ನೀರು ನಂಜನಗೂಡಿನ ತಗ್ಗು ಪ್ರದೇಶಗಳಿಗೆ ನುಗ್ಗಿತ್ತು. ನೆರೆ ಇಳಿದ ಕೂಡಲೇ ದುರಸ್ತಿಗೆ ಯಂತ್ರಗಳು ಬರುತ್ತವೆ. ನೆಲ ಅತ್ಯಂತ ದುರ್ಬಲವಾಗಿರುವುದೂ ಆಗಲೇ.

ಯಂತ್ರ ಹೂಳುವುದಕ್ಕೆ ಅದರ ಒಟ್ಟು ತೂಕಕ್ಕಿಂತ ಮುಖ್ಯ ಕಾರಣ ಆ ತೂಕ ಎಷ್ಟು ಜಾಗದ ಮೇಲೆ ಕೂರುತ್ತದೆ ಎಂಬುದು. ಸುಮಾರು 3 ಟನ್ ತೂಗುವ, ಚೈನ್ ಇರುವ ಭತ್ತ ಕಟಾವು ಯಂತ್ರ ನೆಲವನ್ನು ಒತ್ತುವುದು ಚದರ ಮೀಟರಿಗೆ ಅಂದಾಜು 2 ಟನ್. ಗದ್ದೆಯಲ್ಲಿ ನಿಂತ ಮನುಷ್ಯನ ಪಾದದ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ. 20 ಟನ್ನಿನ ಹಿಟಾಚಿಯ ಚೈನ್‌ಗಳಡಿ ಅದು 5 ಟನ್ನಿನ ಆಸುಪಾಸಿನಲ್ಲಿರುತ್ತದೆ. ಬಕೆಟ್ ಚಾಚಿ ಅಗೆಯುವಾಗ ತೂಕವೆಲ್ಲ ಮುಂದಕ್ಕೆ ವಾಲುವುದರಿಂದ ಇನ್ನೂ ಏರುತ್ತದೆ. ಲಾರಿಯ ಕಥೆಯೇ ಬೇರೆ. ಅದರ ಟೈರು ನೆಲಕ್ಕೆ ಕೊಡುವ ಒತ್ತಡ ಒಳಗಿನ ಗಾಳಿಯ ಒತ್ತಡಕ್ಕೆ ಸರಿಸುಮಾರು ಸಮ, ಅಂದರೆ ಚದರ ಮೀಟರಿಗೆ 70 ಟನ್. ಹೆಬ್ಬೆರಳಿನಿಂದ ಒತ್ತಿದರೆ ಹಲವು ಅಂಗುಲ ಒಳಹೋಗುವ ಅತಿ ಮೆತ್ತನೆ ಜೇಡಿ ಸುರಕ್ಷಿತವಾಗಿ ಹೊರಬಲ್ಲದ್ದು ಸುಮಾರು 5 ಟನ್ ಮಾತ್ರ. ಆದ್ದರಿಂದಲೇ ಕಟಾವು ಯಂತ್ರ ಸಲೀಸಾಗಿ ಓಡಾಡಿದ ಗದ್ದೆಯಲ್ಲಿ ಭತ್ತ ತುಂಬಿದ ಟ್ರ್ಯಾಕ್ಟರ್ ಟ್ರೇಲರ್ ಸಿಕ್ಕಿಕೊಳ್ಳುತ್ತದೆ. ಅಳಗಂಚಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಲಾರಿ ಮಳೆ ಬಿದ್ದ ದಿನ ಹೊಲದಿಂದ ರಸ್ತೆಗೆ ಏರಲಾರದೆ ನಿಲ್ಲುವುದಕ್ಕೂ ಇದೇ ಕಾರಣ.

ಕ್ರೇನಿನ ವಿಷಯದಲ್ಲಿ ಇದು ಜೀವದ ಪ್ರಶ್ನೆ. ಭಾರ ಎತ್ತುವ ಮುನ್ನ ಕ್ರೇನ್ ನಾಲ್ಕು ಕಾಲು ಚಾಚಿ ಅವುಗಳ ಮೇಲೆ ನಿಲ್ಲುತ್ತದೆ. ತೋಳು ಒಂದು ಮೂಲೆಯತ್ತ ತಿರುಗಿದಾಗ ಒಟ್ಟು ಭಾರದ ಮುಕ್ಕಾಲು ಪಾಲಿನಷ್ಟು ಒಂದೇ ಕಾಲಿನ ಮೇಲೆ ಬೀಳಬಹುದು. ಕ್ರೇನ್ ಮತ್ತು ಅದು ಎತ್ತಿದ ಸರಕು ಸೇರಿ 50 ಟನ್ ಆಗಿದ್ದು, ಅದರಲ್ಲಿ 35 ಟನ್ ಒಂದು ಕಾಲಿಗೆ ಬಂತು ಎನ್ನೋಣ. ಕಾಲಿನ ಪಾದ ಅರ್ಧ ಮೀಟರ್ ಚೌಕದ್ದಾದರೆ ಒತ್ತಡ ಚದರ ಮೀಟರಿಗೆ 140 ಟನ್. ಪಾದದಡಿ 2 ಮೀಟರ್ ಚೌಕದ ಗಟ್ಟಿ ಹಾಸು ಇಟ್ಟರೆ ಅದು 9 ಟನ್ನಿಗೆ ಇಳಿಯುತ್ತದೆ. ಅತಿ ಮೆತ್ತನೆ ಜೇಡಿಗೆ ಅದೂ ಸಾಲದು. 7 ಚದರ ಮೀಟರಿನ ಹಾಸು ಬೇಕು. ಈ ಲೆಕ್ಕ ಹಾಕದೆ ಕೈಗೆ ಸಿಕ್ಕ ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿದರೆ ಕ್ರೇನ್ ಮಗುಚುವ ಅಪಾಯ ಹಾಗೆಯೇ ಉಳಿಯುತ್ತದೆ.

ಹಾಸು ಅಗಲವಾಗಿದ್ದರಷ್ಟೇ ಸಾಲದು, ಬಾಗದಷ್ಟು ಬಿರುಸಾಗಿಯೂ ಇರಬೇಕು. ತೆಳು ಹಲಗೆ ನಡುವೆ ಬಾಗಿ ಅಂಚುಗಳು ಮೇಲೆದ್ದರೆ ಭಾರ ಹೊರುವುದು ನಡುಭಾಗ ಮಾತ್ರ; ಕಾಗದದ ಮೇಲಿನ ವಿಸ್ತೀರ್ಣ ನೆಲದಲ್ಲಿ ಸಿಗುವುದಿಲ್ಲ. ದೊಡ್ಡ ಕ್ರೇನುಗಳಿಗೆ ಹಲವು ದೇಶಗಳಲ್ಲಿ ಸುಮಾರು 30 ಸೆಂ.ಮೀ. ದಪ್ಪದ ಗಟ್ಟಿಮರದ ತೊಲೆಗಳನ್ನು ಬೋಲ್ಟ್‌ನಿಂದ ಬಿಗಿದ ಹಾಸು ಬಳಸುವುದು ಇದಕ್ಕಾಗಿ. 5 ಮೀಟರ್ ಉದ್ದ, 1.2 ಮೀಟರ್ ಅಗಲದ ಅಂಥ ಒಂದು ಹಾಸು ಒಂದೂವರೆ ಟನ್ನಿನ ಹತ್ತಿರ ತೂಗುತ್ತದೆ. 25 ಮಿ.ಮೀ. ದಪ್ಪದ, 2.4 ಮೀಟರ್ ಉದ್ದ, 1.2 ಮೀಟರ್ ಅಗಲದ ಉಕ್ಕಿನ ಹಲಗೆಯ ತೂಕ 565 ಕೆ.ಜಿ. ಇವನ್ನು ಇಳಿಸಲು, ಜೋಡಿಸಲು ಯಂತ್ರವೇ ಬೇಕು. ಅದೇ ಅಳತೆಯ, 12 ಮಿ.ಮೀ. ದಪ್ಪದ ಗಟ್ಟಿ ಪ್ಲಾಸ್ಟಿಕ್ ಹಲಗೆ 33 ಕೆ.ಜಿ. ಮಾತ್ರ, ಇಬ್ಬರು ಆಳು ಹೊತ್ತೊಯ್ಯಬಹುದು. ಟ್ರ್ಯಾಕ್ಟರ್, ಆಂಬುಲೆನ್ಸ್, ಸಣ್ಣ ಜೆಸಿಬಿಗೆ ದಾರಿ ಮಾಡಲು ಅದು ಅನುಕೂಲ. ಕ್ರೇನಿನ ಕಾಲಿಗೆ ಅದು ನಿಲ್ಲದು.

ಜಗತ್ತಿನ ಅನುಭವ ಹಳೆಯದು. ಜವುಗಿನಲ್ಲಿ ದಿಮ್ಮಿಗಳನ್ನು ಅಡ್ಡಡ್ಡ ಜೋಡಿಸಿ ದಾರಿ ಮಾಡುವುದು ಪ್ರಾಚೀನ ಪದ್ಧತಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ತೂತು ಕೊರೆದ ಉಕ್ಕಿನ ಪಟ್ಟಿಗಳನ್ನು ಒಂದಕ್ಕೊಂದು ಕೊಕ್ಕೆ ಹಾಕಿ ಹಾಸಿ ವಿಮಾನದ ಓಡುದಾರಿಗಳನ್ನೇ ನಿರ್ಮಿಸಿತು. 3 ಮೀಟರ್ ಉದ್ದದ ಒಂದು ಪಟ್ಟಿ ತೂಗುತ್ತಿದ್ದುದು 30 ಕೆ.ಜಿ. ಭಾರತದಲ್ಲಿ ಇದರ ದೊಡ್ಡ ಉದಾಹರಣೆ ಪ್ರಯಾಗರಾಜ್‌ನ ಕುಂಭಮೇಳ. ಗಂಗೆಯ ಮರಳಿನ ಮೇಲೆ ಗೆರೆಯೊತ್ತಿದ ಉಕ್ಕಿನ ತಗಡು ಹಾಸಿ ನೂರಾರು ಕಿ.ಮೀ. ತಾತ್ಕಾಲಿಕ ರಸ್ತೆ ಮಾಡುತ್ತಾರೆ, ಮೇಳ ಮುಗಿದ ಮೇಲೆ ತೆಗೆಯುತ್ತಾರೆ. ಕಾವೇರಿ ಮತ್ತು ಕಪಿಲೆ (ಕಬಿನಿ) ಕೂಡುವ ತಿ.ನರಸೀಪುರದ ತಿರುಮಕೂಡಲಿನಲ್ಲಿ 1989ರಲ್ಲಿ ಆರಂಭವಾದ ಕುಂಭಮೇಳ 2025ರ ಫೆಬ್ರುವರಿಯಲ್ಲೂ ನಡೆಯಿತು. ನೀರಿನ ಟ್ಯಾಂಕರ್, ಜನರೇಟರ್, ಆಂಬುಲೆನ್ಸ್, ಅಗ್ನಿಶಾಮಕ ವಾಹನ ನದಿಯಂಚಿಗೆ ಇಳಿಯಬೇಕಾದ ಇಂಥ ಮೇಳಕ್ಕೆ ನೆಲಹಾಸಿನ ದಾರಿ ಸುರಕ್ಷತೆಯ ಮೊದಲ ಅಂಶವಾಗಬೇಕು.

ಗದ್ದೆಗೆ ಆಗುವ ಹಾನಿ ಕಣ್ಣಿಗೆ ಕಾಣುವ ಗಾಲಿಗುಂಡಿಯಷ್ಟಕ್ಕೆ ಮುಗಿಯುವುದಿಲ್ಲ. ವರ್ಷವರ್ಷವೂ ಕೆಸರು ಮಾಡಿ ನಾಟಿ ಹಾಕುವ ಭತ್ತದ ಗದ್ದೆಯಲ್ಲಿ 15–20 ಸೆಂ.ಮೀ. ಕೆಳಗೆ ಗಟ್ಟಿ ಪದರ ಬೆಳೆದಿರುತ್ತದೆ. ನೀರು ಇಂಗಿಹೋಗದಂತೆ ಹಿಡಿದಿಡುವುದು ಆ ಪದರ. ಭಾರಿ ಚಕ್ರ ಅದನ್ನು ಸೀಳಿದರೆ ಮಡಿಯಲ್ಲಿ ನೀರು ನಿಲ್ಲುವುದಿಲ್ಲ, ಮಟ್ಟವೂ ಕೆಡುತ್ತದೆ. ಇನ್ನೊಂದೆಡೆ, ಒಂದು ಅಚ್ಚಿನ ಮೇಲೆ 10 ಟನ್ ಇರುವ ವಾಹನ ಒದ್ದೆ ನೆಲದಲ್ಲಿ ಹಾದುಹೋದರೆ ಅರ್ಧ ಮೀಟರ್ ಆಳದವರೆಗೂ ಮಣ್ಣು ಬಿಗಿಯುತ್ತದೆ. ಆ ಆಳ ಉಳುಮೆಗೆ ಸಿಗದು. ಭತ್ತದ ನಂತರ ಬಿತ್ತುವ ಅಲಸಂದೆ, ಉದ್ದು, ಮುಂದೆ ಹಾಕುವ ಕಬ್ಬು, ಬಾಳೆಯ ಬೇರು ಅಲ್ಲಿಗೆ ಇಳಿಯಲಾರದು. ಈ ಬಿಗಿತ ವರ್ಷಗಳ ಕಾಲ ಉಳಿಯುತ್ತದೆ. ನೆಲಹಾಸಿಗೂ ಇಲ್ಲೊಂದು ಮಿತಿಯಿದೆ: ಮೇಲ್ಮಣ್ಣಿನ ಒತ್ತಡವನ್ನು ಅದು ಬಹಳಷ್ಟು ಇಳಿಸುತ್ತದೆ, ಆದರೆ ಒಟ್ಟು ತೂಕವನ್ನು ಕರಗಿಸುವುದಿಲ್ಲ. ಆದ್ದರಿಂದ ಹಾಸಿನ ಜೊತೆಗೆ ಹಗುರ ಯಂತ್ರದ ಆಯ್ಕೆ, ಕಡಿಮೆ ಓಡಾಟ, ಒಂದೇ ದಾರಿಯ ಬಳಕೆ ಎಲ್ಲವೂ ಬೇಕು.

ಇಂದು ಸಾಮಾನ್ಯವಾಗಿ ಮಾಡುವ ಪರಿಹಾರ ಗ್ರಾವೆಲ್ ಅಥವಾ ಕಟ್ಟಡ ಒಡೆದ ರದ್ದಿ ಸುರಿಯುವುದು. ಒದ್ದೆ ಜೇಡಿಯಲ್ಲಿ ಕಲ್ಲು ಕೆಳಗಿಳಿದು, ಕೆಸರು ಮೇಲೆದ್ದು ಎರಡೂ ಬೆರೆತುಹೋಗುತ್ತವೆ. ಮತ್ತೆ ಮತ್ತೆ ಸುರಿಯಬೇಕಾಗುತ್ತದೆ. ಗುತ್ತಿಗೆದಾರ ಹೋದ ಮೇಲೆ ಆ ಕಲ್ಲು ಗದ್ದೆಯಲ್ಲೇ ಉಳಿದು ನೇಗಿಲಿಗೂ ರೋಟವೇಟರಿಗೂ ಅಡ್ಡಿಯಾಗುತ್ತದೆ. ಗ್ರಾವೆಲ್ ಅನಿವಾರ್ಯವಾದ ಕಡೆ ಕೆಳಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿದರೆ ಎರಡೂ ಬೆರೆಯುವುದಿಲ್ಲ, ಕೊನೆಗೆ ಬಟ್ಟೆಯೊಂದಿಗೆ ಕಲ್ಲನ್ನೂ ತೆಗೆಯಬಹುದು.

ಹಾಸುವುದಕ್ಕೂ ಕ್ರಮವಿದೆ. ಮೊದಲು ದಾರಿಯುದ್ದಕ್ಕೂ ಹಾರೆ ಚುಚ್ಚಿ ನೋಡಬೇಕು. ಎರೆನೆಲ ಮೇಲೆ ಒಣಗಿ ಬಿರುಕುಬಿಟ್ಟಿದ್ದರೂ ಒಂದಡಿ ಕೆಳಗೆ ಹಸಿಯಾಗಿರಬಹುದು. ದೊಡ್ಡ ಕೆಲಸಕ್ಕೆ ನೆಲದ ಗಟ್ಟಿತನ ಅಳೆಯುವ ಕೋನ್ ಪೆನೆಟ್ರೊಮೀಟರ್ ಪರೀಕ್ಷೆ ಮಾಡಿಸುವುದು ಕ್ಷೇಮ. ಹೊಲಗಾಲುವೆ, ನೆಲದಡಿಯ ಪಿವಿಸಿ ಪೈಪು ಎಲ್ಲಿವೆ ಎಂಬುದನ್ನು ರೈತನಿಂದಲೇ ಕೇಳಿ ಗುರುತಿಸಬೇಕು. ನಾಲೆಯ ಏರಿಯ ಅಂಚಿನಲ್ಲಿ ಹಾಸು ಇದ್ದರೂ ಏರಿಯೇ ಕುಸಿಯಬಹುದು. ಮೆತ್ತನೆ ಮಣ್ಣಿನಲ್ಲಿ ಕ್ರೇನಿನ ಕಾಲು ನಾಲೆಯ ಆಳದ ಎರಡರಷ್ಟು ದೂರದಲ್ಲಿರುವುದು ಒಳ್ಳೆಯದು. ಹಲಗೆಗಳ ನಡುವೆ ಸಂದು ಬಿಡದೆ ಕೊಂಡಿ ಹಾಕಬೇಕು, ಮಳೆನೀರು ಹರಿದುಹೋಗಲು ಬದಿಯಲ್ಲಿ ದಾರಿ ಬಿಡಬೇಕು. ತೆಗೆಯುವಾಗ ದೂರದ ತುದಿಯಿಂದ ಆರಂಭಿಸಿ, ಯಂತ್ರ ಉಳಿದ ಹಾಸಿನ ಮೇಲೆಯೇ ಹಿಂದಕ್ಕೆ ಬರಬೇಕು.

ಎತ್ತಿದ ಹಾಸನ್ನು ಮುಂದಿನ ಊರಿಗೆ ಒಯ್ಯುವ ಮುನ್ನ ತೊಳೆಯುವುದು ನಂಜನಗೂಡಿನಲ್ಲಿ ಕಡ್ಡಾಯವಾಗಬೇಕು. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ನಂಜನಗೂಡು ರಸಬಾಳೆಯನ್ನು ಅಳಿವಿನಂಚಿಗೆ ತಂದ ಕಾರಣಗಳಲ್ಲಿ ಪನಾಮಾ ಸೊರಗು ರೋಗ ಮುಖ್ಯವಾದುದು. ಅದರ ಶಿಲೀಂಧ್ರ ಮಣ್ಣಿನಲ್ಲಿ ದಶಕಗಳ ಕಾಲ ಬದುಕಿರುತ್ತದೆ. ಟೈರಿಗೆ, ಚೈನಿಗೆ, ಹಲಗೆಗೆ ಮೆತ್ತಿದ ಕೆಸರಿನೊಂದಿಗೆ ತೋಟದಿಂದ ತೋಟಕ್ಕೆ ಹೋಗಬಲ್ಲದು. ಪಾರ್ಥೇನಿಯಂನಂಥ ಕಳೆಯ ಬೀಜವೂ ಹಾಗೆಯೇ ಹರಡುತ್ತದೆ.

ನೆಲಹಾಸಿನ ಬೇಡಿಕೆಗೆ ಕಾನೂನಿನಲ್ಲೂ ನೆಲೆಯಿದೆ. ವಿದ್ಯುತ್ ಮಾರ್ಗ ಎಳೆಯುವವರು ಸಾಧ್ಯವಾದಷ್ಟು ಕಡಿಮೆ ಹಾನಿ ಮಾಡಬೇಕು, ಆದ ಹಾನಿಗೆ ಪೂರ್ಣ ಪರಿಹಾರ ಕೊಡಬೇಕು ಎಂದು 2003ರ ವಿದ್ಯುತ್ ಕಾಯ್ದೆಯ 67ನೇ ಸೆಕ್ಷನ್ ಹೇಳುತ್ತದೆ. ಕೇಂದ್ರ ವಿದ್ಯುತ್ ಸಚಿವಾಲಯ 2015ರಲ್ಲಿ ಹೊರಡಿಸಿ 2024ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯು ವಿದ್ಯುತ್ ಗೋಪುರದ ಅಡಿಯ ಜಾಗ ಮತ್ತು ತಂತಿ ಹಾದುಹೋಗುವ ಪಟ್ಟಿಗೆ ಭೂಮೌಲ್ಯದ ಲೆಕ್ಕದಲ್ಲಿ ಪರಿಹಾರ ಸೂಚಿಸುತ್ತದೆ. ರಸ್ತೆಯಿಂದ ಗೋಪುರದ ಜಾಗಕ್ಕೆ ಯಂತ್ರ ಹೋದ ದಾರಿ ಮಾತ್ರ ಈ ಲೆಕ್ಕದ ಹೊರಗಿದೆ. ಬೆಳೆ ನಷ್ಟವನ್ನು ಕಣ್ಣಳತೆಯಲ್ಲಾದರೂ ಎಣಿಸಬಹುದು, ಅರ್ಧ ಮೀಟರ್ ಆಳದಲ್ಲಿ ಬಿಗಿದ ಮಣ್ಣನ್ನು ಯಾರೂ ಎಣಿಸುವುದಿಲ್ಲ. ಕಡಿಮೆ ಹಾನಿ ಎಂಬ ಮಾತಿಗೆ ಅರ್ಥ ಬರಬೇಕಾದರೆ ಹಾನಿ ತಡೆಯುವ ಸಾಧನವನ್ನು ಹೆಸರಿಸಿ ಕರಾರಿನಲ್ಲಿ ಬರೆಯಬೇಕು.

ಆಗಬೇಕಾದ ಕೆಲಸ ಮೂರು. ವಿದ್ಯುತ್ ಸಂಸ್ಥೆಗಳಾದ ಕೆಪಿಟಿಸಿಎಲ್ ಮತ್ತು ಸೆಸ್ಕ್, ಕಾವೇರಿ ನೀರಾವರಿ ನಿಗಮ, ಲೋಕೋಪಯೋಗಿ ಇಲಾಖೆಗಳ ಟೆಂಡರುಗಳಲ್ಲಿ ನೀರಾವರಿ ಜಮೀನಿನ ಮೇಲೆ ಯಂತ್ರ ಹೋಗುವ ಕಾಮಗಾರಿಗೆ ನೆಲಹಾಸು ಪ್ರತ್ಯೇಕ ಬಾಬ್ತು ಆಗಬೇಕು. ಆಗ ಕಡಿಮೆ ದರ ಕೂಗಲು ಅದನ್ನು ಕೈಬಿಡುವ ಪೈಪೋಟಿ ಇರುವುದಿಲ್ಲ. ಎರಡನೆಯದು, ಹಗುರ ಪ್ಲಾಸ್ಟಿಕ್ ಹಲಗೆಗಳನ್ನು ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಬಾಡಿಗೆಗೆ ಇಡಬೇಕು. ಕೊಳವೆಬಾವಿ ಲಾರಿಗೆ, ಕಬ್ಬಿನ ಲಾರಿಗೆ ಒಬ್ಬೊಬ್ಬ ರೈತನೂ ಅವನ್ನು ಕೊಳ್ಳುವುದು ಅಸಾಧ್ಯ. ನೆರೆಯ ದಿನಗಳಲ್ಲಿ ಅವೇ ತಾಲ್ಲೂಕು ಆಡಳಿತಕ್ಕೂ ಒದಗುತ್ತವೆ. ಮೂರನೆಯದು, ತುರ್ತಲ್ಲದ ಕಾಮಗಾರಿಯನ್ನು ಭತ್ತದ ಕಟಾವು ಮುಗಿದು, ನಾಲೆಗೆ ನೀರು ಬಿಡುವುದು ನಿಂತು, ಗದ್ದೆ ಆರಿದ ಬೇಸಿಗೆಗೆ ನಿಗದಿಪಡಿಸಬೇಕು. ಒಣ ನೆಲಕ್ಕೆ ಬೇಕಾಗುವ ಹಾಸು ಕಡಿಮೆ, ಆಗುವ ಹಾನಿಯೂ ಕಡಿಮೆ. ಕಾಲ ಹೊಂದಿಸಲಾಗದ ಕೆಲಸಕ್ಕೆ ನೆಲಹಾಸಿನ ಖರ್ಚನ್ನು ಯಂತ್ರ ತರುವವರೇ ಹೊರುವುದು ನ್ಯಾಯ. ಏಕೆಂದರೆ ಯಂತ್ರ ಮರಳಿ ಹೋದ ಮೇಲೂ ಆ ನೆಲದಲ್ಲಿ ಬೆಳೆ ತೆಗೆದು ಬದುಕಬೇಕಾದವನು ರೈತ.